ಅತ್ತಿಗೆ, ಜಾಹೀರಾತಿಗೆ ದುಡ್ಡು ಹಾಕೋ ಮುಂಚೆ ಇದನ್ನ ಕೇಳಿ

ಅತ್ತಿಗೆ, ಮನೆ ಗ್ರೂಪಲ್ಲಿ ನಿಮ್ಮ ಮೆಸೇಜ್ ನೋಡಿದೆ. ಹಲಸಿನ ಹಪ್ಪಳದ ರೀಲ್‌ಗೆ 400 ಲೈಕ್ ಬಂದ್ರೂ ಹೋಗಿದ್ದು ಆರೇ ಕಟ್ಟು, ಜಾಹೀರಾತಿಗೆ ದುಡ್ಡು ಹಾಕ್ಲಾ ಅಂತ ಕೇಳಿದೀರಿ. ಚಿಕ್ಕಪ್ಪ ಕೆಳಗಡೆ ‘ಹಾಕು ಹಾಕು’ ಅಂದಿದಾರೆ. ನನ್ನ ಕೇಳಿದ್ರೆ ಈಗಲೇ ಬೇಡ. ಸ್ವಲ್ಪ ಉದ್ದ ಆಗತ್ತೆ, ಕೆಲಸ ಮಾಡ್ತಾ ಕೇಳಿ.

ಮೊದಲು ಆ ಲೈಕ್ ಒತ್ತಿದವರು ಎಲ್ಲಿಯವರು ನೋಡಿ. ಇನ್‌ಸ್ಟಾಗ್ರಾಮನ್ನ ಪ್ರೊಫೆಷನಲ್ ಅಕೌಂಟ್ ಮಾಡ್ಕೊಂಡ್ರೆ, ಅದಕ್ಕೇನೂ ದುಡ್ಡಿಲ್ಲ, ಇನ್‌ಸೈಟ್ಸ್ ಅಂತ ಬರತ್ತೆ. ನಿಮ್ಮನ್ನ ಫಾಲೋ ಮಾಡೋರು ಯಾವ ಊರವರು ಅಂತ ಅದರಲ್ಲಿ ಗೊತ್ತಾಗತ್ತೆ. ದುಬೈಲಿ ಕೂತು ಊರು ನೆನಪಾಗಿ ಹಾರ್ಟ್ ಒತ್ತಿದವರಿಗೆ ನೀವು ಹಪ್ಪಳ ಕಳಿಸೋದು ಹೇಗೆ? ಬೆಂಗಳೂರು, ಮೈಸೂರಿನವರೂ ಬಿಟ್ಟು ಹೋಗಿದಾರೆ ಅಂದ್ರೆ ಕಾರಣ ಬೇರೆ. ರೀಲಲ್ಲಿ ರೇಟೇ ಇಲ್ಲ! ‘ಪ್ರೈಸ್ ಪ್ಲೀಸ್’ ಅಂದವರಿಗೆಲ್ಲ ‘ಇನ್‌ಬಾಕ್ಸ್ ನೋಡಿ’ ಅಂತ ಬರೆದಿದೀರಿ. ಅಷ್ಟು ಹೊತ್ತಿಗೆ ಅವರಿಗೆ ಆಸೆ ಆರಿರತ್ತೆ. ಕಟ್ಟಿನ ರೇಟು, ಕಟ್ಟಲ್ಲಿ ಎಷ್ಟು ಹಪ್ಪಳ, ಎಲ್ಲೆಲ್ಲಿಗೆ ಕಳಿಸ್ತೀರಿ, ಈ ಮೂರೂ ಕ್ಯಾಪ್ಷನ್‌ನ ಮೊದಲ ಸಾಲಲ್ಲೇ ಬರಲಿ. ಆಮೇಲಿನ ಸಾಲುಗಳು ‘ಮೋರ್’ ಒತ್ತಿದ್ರೆ ಮಾತ್ರ ಕಾಣೋದು, ಒತ್ತೋರು ಕಮ್ಮಿ.

ವಿಡಿಯೊ ಚೆನ್ನಾಗಿದೆ, ಆದ್ರೆ ಹಾಡು ತೆಗೀರಿ. ಎಣ್ಣೆಗೆ ಬಿದ್ದ ಹಪ್ಪಳ ಅರಳೋ ಸದ್ದಿಗಿಂತ ಒಳ್ಳೆ ಹಾಡು ಯಾವುದಿದೆ? ಅದೇ ಮೊದಲ ಎರಡು ಸೆಕೆಂಡಲ್ಲಿ ಬರಲಿ, ಒಟ್ಟು 15–20 ಸೆಕೆಂಡ್ ಸಾಕು. ಫೋನ್ ಉದ್ದಕ್ಕೆ ಹಿಡೀರಿ, ಲೆನ್ಸಿನ ಎಣ್ಣೆ ಜಿಡ್ಡು ಒರೆಸಿ, ಟ್ಯೂಬ್‌ಲೈಟ್ ಆರಿಸಿ ಕಿಟಕಿ ಬೆಳಕಲ್ಲಿ ತೆಗೀರಿ. ಹಸಿ ಹಪ್ಪಳ ಕೈಯಲ್ಲಿ ಹಿಡಿದಿರೋದೊಂದು ಫೋಟೊನೂ ಬೇಕು, ಇಲ್ಲಾಂದ್ರೆ ಅಗಲ ಗೊತ್ತಾಗಲ್ಲ. ಚಿಕ್ಕದು ಬಂತು ಅನ್ನೋ ಜಗಳ ಅಲ್ಲಿಂದಲೇ ಶುರು.

ಈಗ ಮುಖ್ಯ ವಿಷಯ. ಇನ್‌ಸ್ಟಾ ಮುಖ ಪರಿಚಯಕ್ಕೆ, ವ್ಯಾಪಾರ ಆಗೋದು ವಾಟ್ಸಾಪಲ್ಲಿ. ವಾಟ್ಸಾಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, ಫ್ರೀ. ಅದಕ್ಕೊಂದು ಹೊಸ ಸಿಮ್ ತಗೊಳ್ಳಿ. ಒಂದೇ ನಂಬರ್ ಎರಡೂ ಆ್ಯಪಲ್ಲಿ ನಡೆಯಲ್ಲ, ಈಗಿನ ನಂಬರ್ ಹಾಕಿದ್ರೆ ನಿಮ್ಮ ಮಾಮೂಲಿ ವಾಟ್ಸಾಪ್ ಬಂದ್ ಆಗತ್ತೆ. ಅದರ ಕ್ಯಾಟಲಾಗಲ್ಲಿ, ಅಂದ್ರೆ ಮಾರೋ ಪದಾರ್ಥಗಳ ಪಟ್ಟಿಯಲ್ಲಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬೇರೆ ಬೇರೆ ಹಾಕಿ, ಒಂದೊಂದಕ್ಕೂ ರೇಟು, ತೂಕ ಬರೀರಿ. ಕ್ವಿಕ್ ರಿಪ್ಲೈ ಅಂತಿದೆ, ಓರೆ ಗೆರೆ (/) ಒತ್ತಿ ‘ರೇಟು’ ಅಂದ್ರೆ ಮೊದಲೇ ಬರೆದಿಟ್ಟ ಉತ್ತರ ಪೂರ್ತಿ ಬರತ್ತೆ. ಒಂದೊಂದು ಚಾಟ್‌ಗೂ ಗುರುತು ಹಾಕೋ ಲೇಬಲ್‌ಗಳಲ್ಲಿ ಎರಡಂತೂ ಬಿಡಬೇಡಿ: ದುಡ್ಡು ಬಾಕಿ, ದುಡ್ಡು ಬಂತು. ಹಬ್ಬದ ವಾರದಲ್ಲಿ ಯಾರಿಗೆ ಕಳಿಸಿದ್ವಿ, ಯಾರಿಗೆ ಇಲ್ಲ ಅಂತ ತಲೆ ಕೆಡೋದು ಅಷ್ಟರಿಂದಲೇ ತಪ್ಪತ್ತೆ.

ಆದ್ರೆ ಇವೆಲ್ಲ ಇದ್ದೂ ವ್ಯಾಪಾರ ಆಗದೆ ಇರೋಕೆ ಒಂದು ದೊಡ್ಡ ಕಾರಣ, ನಿಮ್ಮ ನಂಬರ್ ಜನರ ಫೋನಲ್ಲಿ ಇಲ್ಲದೆ ಇರೋದು. ಒಂದೇ ಮೆಸೇಜನ್ನ ಒಂದೇ ಸಲ ಹಲವರಿಗೆ ಬೇರೆ ಬೇರೆಯಾಗಿ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನ ಸೇರಿಸಬಹುದು, ಆದ್ರೆ ನಿಮ್ಮ ನಂಬರನ್ನ ಅವರು ಅವರ ಫೋನಲ್ಲಿ ಸೇವ್ ಮಾಡಿರದಿದ್ರೆ ಮೆಸೇಜ್ ತಲುಪೋದೇ ಇಲ್ಲ. ಸ್ಟೇಟಸ್ಸೂ ಅಷ್ಟೇ, ಇಬ್ಬರ ಫೋನಲ್ಲೂ ಇಬ್ಬರ ನಂಬರ್ ಇರಬೇಕು. ಹಾಗಾಗಿ ನಂಬರ್ ಸೇವ್ ಮಾಡಿಸೋದೇ ನಿಜವಾದ ಮಾರ್ಕೆಟಿಂಗ್. ಬಾಯಿಬಿಟ್ಟು ಕೇಳಿ: ‘ಈ ನಂಬರ್ ಹಲಸಿನ ಹಪ್ಪಳ ಅಂತ ಸೇವ್ ಮಾಡ್ಕೊಳ್ಳಿ, ಹೊಸದು ಒಣಗಿದಾಗ ತಿಳಿಸ್ತೀನಿ.’ ನಿಮ್ಮ ಹೆಸರಲ್ಲಿ ಸೇವ್ ಮಾಡಿದ್ರೆ ಆರು ತಿಂಗಳಿಗೆ ಮರೆತುಹೋಗತ್ತೆ, ಪದಾರ್ಥದ ಹೆಸರಲ್ಲಿ ಮಾಡಿದ್ರೆ ಮಳೆ ಬಂದಾಗ ಹುಡುಕ್ತಾರೆ.

ಪ್ಯಾಕೆಟ್ ಮೇಲೆ ಸ್ಟಿಕ್ಕರ್ ಹಾಕಿ. ಬಿಸಿನೆಸ್ ಆ್ಯಪಲ್ಲೇ ಕ್ಯೂಆರ್ ಕೋಡ್ ಸಿಗತ್ತೆ, ಸ್ಕ್ಯಾನ್ ಮಾಡಿದ್ರೆ ನೇರ ನಿಮ್ಮ ಚಾಟ್ ತೆರೆಯತ್ತೆ. ಆ ಕೋಡನ್ನ ಆಮೇಲೆ ರೀಸೆಟ್ ಮಾಡಬೇಡಿ, ಹಳೇ ಸ್ಟಿಕ್ಕರೆಲ್ಲ ದಂಡ ಆಗತ್ತೆ. ದುಡ್ಡಿನ ಕ್ಯೂಆರ್ ಪಕ್ಕದಲ್ಲಿ ಬೇಡ, ಜನ ಅದಕ್ಕೆ ಇದು, ಇದಕ್ಕೆ ಅದು ಮಾಡ್ತಾರೆ. ಅದೇ ಸ್ಟಿಕ್ಕರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡೋ 14 ಅಂಕಿ ನಂಬರ್, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ವಿಳಾಸ ಇರಲಿ. ಮನೇಲಿ ಮಾಡಿದ್ದು ಅಂತ ಅದರಿಂದ ವಿನಾಯಿತಿ ಇಲ್ಲ.

ಬ್ರಾಡ್‌ಕಾಸ್ಟ್ ತಿಂಗಳಿಗೆ ಎರಡೇ ಸಲ, ದಿನಾ ‘ಶುಭೋದಯ’ ಬೇಡವೇ ಬೇಡ. ಜನ ಬ್ಲಾಕ್ ಮಾಡಿ ರಿಪೋರ್ಟ್ ಒತ್ತೋದು ಜಾಸ್ತಿ ಆದ್ರೆ ನಂಬರೇ ಬ್ಯಾನ್ ಆಗತ್ತೆ. ಯಾರೋ ಮಾರೋ ನಂಬರ್ ಪಟ್ಟಿ ಕೊಂಡ್ಕೊಂಡು ಕಳಿಸಿದ್ರೂ ಇದೇ ಗತಿ. ನೀವು ಒಣಗಿಸೋದು ಬೇಸಿಗೆ ಬಿಸಿಲಲ್ಲಿ, ಜನ ಕರಿಯೋದು ಮಳೆಯಲ್ಲಿ. ಬೆಂಗಳೂರಲ್ಲಿ ಮಳೆ ಹಿಡಿದ ದಿನ ಮಧ್ಯಾಹ್ನ ಮೂರೂವರೆಗೆ ಆ ವಿಡಿಯೊ ಸ್ಟೇಟಸ್‌ಗೆ ಹಾಕಿ ನೋಡಿ. ಫೋಟೊ ಮೇಲೆ ರೇಟು, ‘ಇನ್ನು 40 ಕಟ್ಟು ಇದೆ’ ಅಂತ. ಸುಳ್ಳು ಲೆಕ್ಕ ಮಾತ್ರ ಬೇಡ.

ಕೊರಿಯರ್‌ನಲ್ಲಿ ಮೋಸ ಹೋಗೋದು ಡಬ್ಬದ ಅಳತೆಯಲ್ಲಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ರೆ ಅದಕ್ಕೇ ದುಡ್ಡು ಹಾಕೋ ಕೊರಿಯರ್‌ಗಳೇ ಹೆಚ್ಚು. 30, 30, 15ರ ಡಬ್ಬಕ್ಕೆ 2.7 ಕೆಜಿ ಲೆಕ್ಕ, ಒಳಗೆ ಹಪ್ಪಳ ಒಂದೇ ಕೆಜಿ ಇದ್ರೂ! 15, 15, 20ರ ಡಬ್ಬ ಆದ್ರೆ 0.9 ಕೆಜಿ, ಆಗ ನಿಜವಾದ ತೂಕಕ್ಕಷ್ಟೇ ದುಡ್ಡು. ಕಟ್ಟು ಅಲ್ಲಾಡದ ಹಾಗೆ ಕೂರತ್ತೆ, ಒಡೆಯೋದೂ ಕಮ್ಮಿ. ಒಡೆದು ಹೋಯ್ತು ಅಂದವರ ಹತ್ರ ಒಂದು ಫೋಟೊ ಕೇಳಿ, ಬದಲಿ ಕಳಿಸಿ, ವಾದ ಬೇಡ. ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ, ಬ್ಯಾಂಕ್ ಖಾತೆಗೆ ಬಂದಿದೆಯಾ ನೋಡಿ. ದುಡ್ಡು ಪಡೆಯೋಕೆ ಪಿನ್ ಹಾಕಿ ಅಂದವರು ಕಳ್ಳರೇ.

ಇನ್ನು ಚಿಕ್ಕಪ್ಪ ಹೇಳಿದ ಜಾಹೀರಾತು. ದಿನಕ್ಕೆ 200ರಂತೆ ಐದು ದಿನ ಅಂದ್ರೆ 1000, ಮೇಲೆ 18% ಜಿಎಸ್‌ಟಿ, 1180 ಆಯ್ತು. ಕಟ್ಟಿಗೆ 40 ರೂಪಾಯಿ ಉಳಿಯೋದಾದ್ರೆ 30 ಕಟ್ಟು ಹೋದ್ಮೇಲೆ ಅಸಲು ಬರತ್ತೆ. ಹಾಕೋದೇ ಆದ್ರೆ ಜೂನ್‌ನಲ್ಲಿ, ವಾಟ್ಸಾಪ್ ಮೆಸೇಜಿಗೆ ಕರ್ಕೊಂಡು ಹೋಗೋ ಜಾಹೀರಾತನ್ನೇ ಆರಿಸಿ, ಊರು ಬೆಂಗಳೂರು ಒಂದೇ. ಲೈಕ್ ಹೆಚ್ಚಿಸೋದಕ್ಕೆ ಒಂದು ರೂಪಾಯಿನೂ ಬೇಡ. ಆ ಐದು ದಿನ ಹತ್ತು ನಿಮಿಷದೊಳಗೆ ಉತ್ತರ ಕೊಡೋಕೆ ಯಾರಾದ್ರೂ ಫೋನ್ ಹಿಡ್ಕೊಂಡು ಕೂತಿರಬೇಕು, ಪುಟ್ಟಿಗೆ ರಜಾ ಇರೋವಾಗ ನೋಡ್ಕೊಳ್ಳಿ.

ಸ್ಟಿಕ್ಕರ್ ಪ್ರಿಂಟಿಗೆ ಕೊಡೋ ಮುಂಚೆ ಫೋಟೊ ಇಲ್ಲೇ ಹಾಕಿ ಅತ್ತಿಗೆ, ಕೋಡ್ ಸ್ಕ್ಯಾನ್ ಆಗತ್ತಾ ಅಂತ ಎಲ್ಲರ ಫೋನಲ್ಲೂ ನೋಡೋಣ.