ಸಹಾಯ ಬೇಕು: ಕುತ್ತಿಗೆ ನೋವಿರುವಾಗಲೇ ವ್ಯಾಯಾಮ ಮಾಡಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಅಡಿಕೆ ವ್ಯಾಪಾರ ಜೋರಾಗಿರುವ ತಿಂಗಳುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಮುಂದೆಯೇ ಕುಳಿತಿರಬೇಕಾಗುವುದರಿಂದ, ಕುತ್ತಿಗೆಯ ಬಲಬದಿಯಿಂದ ಬೆನ್ನಿನ ರೆಕ್ಕೆಮೂಳೆಯ ಒಳ ಅಂಚಿನವರೆಗೆ ಸೆಳೆತ ಶುರುವಾಗಿ, ಈಗ ರಜೆಯ ದಿನವೂ ಬಿಡುತ್ತಿಲ್ಲ. ಕೈಗೆ ಜೋಮು ಹಿಡಿಯುವುದಾಗಲಿ, ಹಿಡಿತ ಸಡಿಲವಾಗುವುದಾಗಲಿ ಇಲ್ಲ. ಮೂಳೆ ವೈದ್ಯರು ಪರೀಕ್ಷಿಸಿ, ಇದು ಕುಳಿತುಕೊಳ್ಳುವ ಭಂಗಿಯಿಂದ ಬಂದ ಸ್ನಾಯುಗಳ ಬಿಗಿತವೆಂದು ಹೇಳಿ ಫಿಸಿಯೋಥೆರಪಿಗೆ ಕಳುಹಿಸಿದರು.

ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದ್ದೇನೆ, ಮುಂಗೈಗೆ ಮೇಜಿನ ಆಸರೆ ಕೊಟ್ಟಿದ್ದೇನೆ, ಅರ್ಧ ಗಂಟೆಗೊಮ್ಮೆ ಏಳಲು ಪ್ರಯತ್ನಿಸುತ್ತೇನೆ (ಕೌಂಟರಿನಲ್ಲಿ ಜನರಿದ್ದಾಗ ಅದು ಆಗದ ಮಾತು). ಗೊಂದಲವಿರುವುದು ವ್ಯಾಯಾಮದ ವಿಷಯದಲ್ಲಿ. ಗದ್ದವನ್ನು ನೇರವಾಗಿ ಹಿಂದಕ್ಕೆ ಎಳೆಯುವ ಮತ್ತು ರಬ್ಬರ್ ಬ್ಯಾಂಡ್ ಹಿಡಿದು ರೆಕ್ಕೆಮೂಳೆಗಳನ್ನು ಹತ್ತಿರ ತರುವ ವ್ಯಾಯಾಮಗಳನ್ನು ಸ್ವಲ್ಪ ನೋವಿದ್ದರೂ ಬಿಡಬಾರದೆಂದು ಇಲ್ಲಿಯ ಫಿಸಿಯೋಥೆರಪಿಸ್ಟ್ ಹೇಳುತ್ತಾರೆ; ನೋವು ಪೂರ್ತಿ ಇಳಿಯುವವರೆಗೆ ಶಾಖ ಮತ್ತು ವಿದ್ಯುತ್ ಚಿಕಿತ್ಸೆ ಮಾತ್ರ ಸಾಕೆಂದು ಹುಬ್ಬಳ್ಳಿಯಲ್ಲಿ ನಾನು ತೋರಿಸಿಕೊಂಡವರು ಹೇಳಿದರು. ಶಾಖದಿಂದ ಹಾಯೆನಿಸುತ್ತದೆ ನಿಜ, ಆದರೆ ಮರಳಿ ಕೆಲಸಕ್ಕೆ ಕುಳಿತೊಡನೆ ಸೆಳೆತವೂ ಮರಳುತ್ತದೆ. ಮೊದಲನೆಯವರ ಮಾತೇ ನನಗೆ ಸರಿಯೆನಿಸುತ್ತದೆಯಾದರೂ, ಬ್ಯಾಂಡ್ ಹಿಡಿದ ಮರುದಿನ ಕಾಣುವ ನೋವು ಸ್ನಾಯು ಬಲಗೊಳ್ಳುವಾಗ ಸಹಜವಾಗಿ ಬರುವಂಥದೋ, ತೊಂದರೆ ಹೆಚ್ಚುತ್ತಿರುವುದರ ಸೂಚನೆಯೋ ತಿಳಿಯುತ್ತಿಲ್ಲ.

ಗುಂಪಿನಲ್ಲಿರುವ ಫಿಸಿಯೋಥೆರಪಿಸ್ಟರು ಅಥವಾ ಇದೇ ತೊಂದರೆಯಿಂದ ಗುಣವಾದವರು ದಯವಿಟ್ಟು ತಿಳಿಸಿ: ವ್ಯಾಯಾಮದ ನಂತರದ ನೋವು ಎಷ್ಟು ಹೊತ್ತು, ಯಾವ ಮಟ್ಟದಲ್ಲಿ ಉಳಿದರೆ ಬ್ಯಾಂಡ್ ವ್ಯಾಯಾಮವನ್ನು ನಿಲ್ಲಿಸಬೇಕು?