ಫ್ಯಾಮಿಲಿ ಗ್ರೂಪಲ್ಲಿ ಎದ್ದ ಇಪ್ಪತ್ತು ಮಹಡಿ

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪನ ಫಾರ್ವರ್ಡ್ ಬಂತು. ‘ಮಹಡಿ ಹೆಚ್ಚಿದಷ್ಟೂ ಮನೆ ಅಗ್ಗ! ಮೈಸೂರಿನವರೇ, ಸೈಟು ಮಾರಿ, ಇಪ್ಪತ್ತು ಮಹಡಿ ಕಟ್ಟಡದಲ್ಲಿ ಫ್ಲ್ಯಾಟ್ ತಗೊಳ್ಳಿ.’ ಕೆಳಗೆ ಅವರದೇ ಸಾಲು: ‘ನಮ್ಮ ಹಳೇ ಮನೆ ವಿಷಯದಲ್ಲಿ ನಾನು ಹೇಳಿದ್ದೂ ಇದನ್ನೇ.’

ಯಾರೂ ಪೂರ್ತಿ ಓದಲಿಲ್ಲ. ಕೊನೇ ಸಾಲು ಮಾತ್ರ ಎಲ್ಲರೂ ಓದಿದರು.

ನಾನು: ದೊಡ್ಡಪ್ಪ, ಇದನ್ನ ಬರೆದಿದ್ದು ಯಾರು? ಮಹಡಿ ಹೆಚ್ಚಿದ್ರೆ ಒಂದೊಂದು ಮನೆಗೆ ಬೀಳೋ ಜಾಗದ ಖರ್ಚು ಇಳಿಯುತ್ತೆ, ನಿಜ. ಆದ್ರೆ ಎತ್ತರ ಹೋದಷ್ಟೂ ಕಟ್ಟೋ ಖರ್ಚು ಚದರಡಿಗೆ ಏರುತ್ತೆ. ಪಾಯಕ್ಕೆ ಕಬ್ಬಿಣ ಜಾಸ್ತಿ, ಲಿಫ್ಟ್ ಜಾಸ್ತಿ, ಬೆಂಕಿ ಆರಿಸೋಕೆ ಬೇರೆ ಟ್ಯಾಂಕು, ಪಂಪು, ಸುತ್ತ ಫೈರ್ ಇಂಜಿನ್ ತಿರುಗೋಷ್ಟು ಜಾಗ. ನೆಲ ತುಂಬಾ ದುಬಾರಿ ಇದ್ರೆ ಮಾತ್ರ ಗಿಟ್ಟುತ್ತೆ.

ಮಂಗಳೂರು ಅತ್ತೆ: ನಮ್ಮಲ್ಲಿ ಗಿಟ್ಟಿದೆಯಲ್ಲ? ಒಂದು ಕಡೆ ಸಮುದ್ರ, ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಗುರುಪುರ ಹೊಳೆ, ನಡುವೆ ಬರೀ ಗುಡ್ಡ. ಮೇಲಕ್ಕೆ ಹೋಗದೆ ಎಲ್ಲಿಗೆ ಹೋಗೋದು? ಗಲ್ಫ್ ದುಡ್ಡೂ ಇತ್ತು.

ನಾನು: ಅದನ್ನೇ ಹೇಳ್ತಿರೋದು ಅತ್ತೆ. ಮೈಸೂರಲ್ಲಿ ರಿಂಗ್ ರೋಡ್ ದಾಟಿದ್ರೆ ಲೇಔಟೋ ಲೇಔಟು. ಸೈಟ್ ಸಿಗೋವಾಗ ಹದಿನಾಲ್ಕನೇ ಮಹಡಿಗೆ ಯಾರು ಹತ್ತುತ್ತಾರೆ? ಅದೂ ಬ್ರೋಷರ್‌ನಲ್ಲಿ 1,500 ಚದರಡಿ ಅಂತಿರುತ್ತೆ, ಕಾರ್ಪೆಟ್ ಏರಿಯಾ, ಅಂದ್ರೆ ಮನೆ ಒಳಗೆ ನಿಜಕ್ಕೂ ಬಳಸೋಕೆ ಸಿಗೋ ಜಾಗ, ಅಳೆದ್ರೆ ಅಷ್ಟಿರಲ್ಲ. ಕಾರ್ಪೆಟ್ ಏರಿಯಾನೇ ಹೇಳ್ಬೇಕು ಅಂತ ಮನೆ ಕೊಳ್ಳೋರ ರಕ್ಷಣೆಗೆ 2016ರ ರೇರಾ ಕಾಯ್ದೆ ಬಂದಿದ್ದು ಸುಮ್ನೆ ಅಲ್ಲ.

ಅತ್ತೆ: ಮೇಂಟೆನೆನ್ಸ್ ಕಥೆ ಕೇಳು. ನಮ್ಮ ಲಿಫ್ಟ್ ಕೆಟ್ಟು ತಿಂಗಳಾಯ್ತು. ಒಂದನೇ ಮಹಡಿಯವರು ‘ನಾವು ಹತ್ತೋದೇ ಇಲ್ಲ’ ಅಂತ ದುಡ್ಡು ಕೊಡಲ್ಲ. ನಾನು ಒಂಬತ್ತನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಹೊರಿಸಿದೆ.

ದೊಡ್ಡಪ್ಪ: ಹಿರಿಯರ ಮಾತಿಗೂ ಪ್ರೂಫ್ ಕೇಳುವ ಕಾಲ ಬಂತು. ಇವನ ಅಪ್ಪನೂ ಹೀಗೇ. 1996ರಲ್ಲಿ ಕುವೆಂಪುನಗರದ ಸೈಟು ಬೇಡ ಅಂದವನು ಅವನೇ.

ಎರಡು ವರ್ಷದಿಂದ ಗ್ರೂಪಲ್ಲಿ ಬಾಯಿ ಬಿಡದ ಅಪ್ಪ ಟೈಪ್ ಮಾಡತೊಡಗಿದರು. ಮೇಲೆ ‘ಟೈಪಿಂಗ್’ ಅಂತ ಐದು ನಿಮಿಷ ತೋರಿಸಿತು. ಬಂದಿದ್ದು ಇಷ್ಟೇ: ದುಡ್ಡು ಎಲ್ಲಿತ್ತಣ್ಣ? ಚೀಟಿ ಎತ್ತಿದ್ದು ನೀನು.

ಆಮೇಲೆ ಬರೀ ನೀಲಿ ಟಿಕ್ಕು.

ದುಬೈಯಿಂದ ಪುಟ್ಟಿ ಒಂದು ಹಳೇ ಫೋಟೋ ಹಾಕಿದಳು. ಅಜ್ಜಿ ಹಿತ್ತಲ ಹಲಸಿನ ಮರ, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿರುವ ಅಜ್ಜಿ. ‘ಎಂಥ ದಿನಗಳು ಅಲ್ವಾ?’ ಹನ್ನೊಂದು ಹಾರ್ಟ್ ಬಿತ್ತು. ಇಪ್ಪತ್ತು ಮಹಡಿ ಎಲ್ಲರಿಗೂ ಮರೆತೇಹೋಯಿತು.

ಅತ್ತೆ: ಆ ಮರದ ಹಣ್ಣು ಮೂರು ವರ್ಷದಿಂದ ಯಾರ ಮನೆಗೆ ಹೋಗ್ತಿದೆ ಅಣ್ಣ?

ಈಗ ಗ್ರೂಪಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ಅಡ್ಮಿನ್ ದೊಡ್ಡಪ್ಪ.