ಗೆಲೆಡೆ ಮುಖವಾಡವನ್ನು ದಾವಣಗೆರೆಯ ರಂಗದ ಮೇಲೆ ತರಬಹುದೇ?

ಪ್ರಶ್ನೆ (ರಂಗಾಭ್ಯಾಸಿ, ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡವು ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಗೆಲೆಡೆ ಆಚರಣೆಯನ್ನು ಆಧರಿಸಿ, ಅರ್ಧ ಗಂಟೆಯ ಮಾತಿಲ್ಲದ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದೆ. ತಂಡದವರೊಬ್ಬರ ಬಳಿ ಕರಕುಶಲ ಮಳಿಗೆಯಲ್ಲಿ ಕೊಂಡ ಮರದ ಮುಖವಾಡವಿದ್ದು, ಅದನ್ನು ನಟ ಮುಖಕ್ಕೆ ಕಟ್ಟಿಕೊಂಡು ಧೂಪದ ಹೊಗೆಯ ನಡುವೆ ಮೈಮೇಲೆ ಬಂದವನಂತೆ ಕುಣಿಯಬೇಕೆಂಬುದು ಈಗಿನ ಯೋಜನೆ. ನನಗೆ ಇದು ಸರಿಯೆನಿಸುತ್ತಿಲ್ಲ. ಬೇರೊಂದು ನಾಡಿನವರು ಭಕ್ತಿಯಿಂದ ನಡೆಸುವುದನ್ನು ನಾವು ರಂಗಕ್ಕೆ ತರುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರಕಲಾ ಅಧ್ಯಾಪಕಿ, ದಾವಣಗೆರೆ):
ಗೆಲೆಡೆಯ ಮುಖವಾಡವನ್ನು ಸಾಮಾನ್ಯವಾಗಿ ಮುಖಕ್ಕೆ ಕಟ್ಟುವುದಿಲ್ಲ. ಅದನ್ನು ಟೊಪ್ಪಿಗೆಯಂತೆ ನೆತ್ತಿಯ ಮೇಲಿಡುತ್ತಾರೆ. ಅದರಿಂದ ಇಳಿಬಿಟ್ಟ ತೆಳುಬಟ್ಟೆಯ ಮೂಲಕ ಕುಣಿಯುವವನು ನೋಡುತ್ತಾನೆ. ಕೆಳಭಾಗದಲ್ಲಿ ಹೆಚ್ಚಾಗಿ ಶಾಂತವಾದ ಹೆಣ್ಣಿನ ಮುಖ, ಅದರ ಮೇಲೆ ಹಕ್ಕಿ, ಹಾವು, ಕೆಲವೊಮ್ಮೆ ಹೊಲಿಗೆ ಯಂತ್ರ ಅಥವಾ ಮೋಟಾರ್ ಬೈಕು ಕೂಡ ಕೆತ್ತಿರುತ್ತದೆ. ಕುಣಿಯುವವರು ಗಂಡಸರಾದರೂ, ಇಡೀ ಆಚರಣೆ ನಡೆಯುವುದು 'ನಮ್ಮ ತಾಯಂದಿರು' ಎಂದು ಅವರು ಗೌರವಿಸುವ ಹಿರಿಯ ಹೆಂಗಸರ ಶಕ್ತಿಯನ್ನು ಒಲಿಸಿಕೊಳ್ಳುವುದಕ್ಕೆ. ಆ ಶಕ್ತಿ ಮಕ್ಕಳನ್ನೂ ಬೆಳೆಯನ್ನೂ ಕೊಡಬಲ್ಲದು, ಮುನಿದರೆ ಕಸಿದುಕೊಳ್ಳಲೂ ಬಲ್ಲದು ಎಂಬುದು ಅವರ ನಂಬಿಕೆ; ದುಗ್ಗಮ್ಮನ ಜಾತ್ರೆಯನ್ನು ಕಂಡು ಬೆಳೆದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯ ನಂತರ ಮಾತ್ರವಲ್ಲದೆ, ಬರ ಬಂದಾಗಲೂ ಸಾಂಕ್ರಾಮಿಕ ರೋಗ ಹಬ್ಬಿದಾಗಲೂ ಗೆಲೆಡೆಯನ್ನು ನಡೆಸುತ್ತಾರೆ.

ಮೈಮೇಲೆ ಬಂದಂತೆ ಕುಣಿಯುವ ಯೋಜನೆಯನ್ನು ನೀವು ಕೈಬಿಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಲ್ಲಿ ಮೆಚ್ಚುಗೆ ಸಲ್ಲುವುದು ಹಿಡಿತಕ್ಕೆ. ವಾದ್ಯದವರು ನುಡಿಸುವ ಪೆಟ್ಟುಗಳಿಗೆ ಕಾಲಿನ ಲೋಹದ ಗೆಜ್ಜೆ ಚೂರೂ ತಪ್ಪದೆ ಹೊಂದಬೇಕು, ನೆತ್ತಿಯ ಮೇಲಿನ ಭಾರ ಅಲುಗಬಾರದು. ಹೊಗೆ ಮತ್ತು ಆರ್ಭಟದಿಂದ 'ನಿಗೂಢ ಆಫ್ರಿಕಾ'ವನ್ನು ತೋರಿಸಹೊರಟರೆ, ವರ್ಷಗಟ್ಟಲೆ ಕಲಿತು ಕುಣಿಯುವ ಕಲಾವಿದರ ಶ್ರಮವನ್ನೇ ಅಳಿಸಿಹಾಕಿದಂತಾಗುತ್ತದೆ.

ಉತ್ತರ 2 (ಜಾನಪದಾಸಕ್ತ, ಹೊಸದುರ್ಗ):
ಅಧ್ಯಾಪಕಿಯವರ ಮಾತನ್ನು ಒಪ್ಪುತ್ತೇನೆ. ಪಕ್ಕದ ತುಮಕೂರು ಸೀಮೆಯ ಸೋಮನ ಕುಣಿತದಲ್ಲಿ ಸೋಮನ ಮುಖವಾಡ ಗ್ರಾಮದೇವತೆಗೆ ಸೇರಿದ್ದು. ಪೂಜೆಯಾಗದೆ ಅದನ್ನು ಯಾರೂ ಹೊರುವುದಿಲ್ಲ. ಅದನ್ನು ದೂರದೂರಿನವರು ಕೇಳದೆ ಕೊಂಡೊಯ್ದು ವೇದಿಕೆಯಲ್ಲಿ ಕುಣಿಸಿದರೆ ನಮಗೆ ಹೇಗಾದೀತು ಎಂದು ಮೊದಲು ಯೋಚಿಸಿ. ಆಫ್ರಿಕಾದ ಎಲ್ಲ ಮುಖವಾಡಗಳೂ ಒಂದೇ ಬಗೆಯವಲ್ಲ. ಗೆಲೆಡೆ ಊರಿನ ಬಯಲಿನಲ್ಲಿ ಎಲ್ಲರೆದುರು ನಡೆಯುವಂಥದ್ದು. ಆದರೆ ಮಲಾವಿ, ಜಾಂಬಿಯಾ, ಮೊಜಾಂಬಿಕ್‌ಗಳ ಚೆವಾ ಜನರ ಗುಲೆ ವಾಮ್ಕುಲು ಕುಣಿತವನ್ನು ನಡೆಸುವುದು ದೀಕ್ಷೆ ಪಡೆದವರ ನ್ಯಾವು ಕೂಟ. ಅಂಥದ್ದನ್ನು ಹೊರಗಿನವರು ಅನುಕರಿಸುವುದು ನನ್ನ ದೃಷ್ಟಿಯಲ್ಲಿ ಸಲ್ಲದು.

ಉತ್ತರ 3 (ರಂಗವಿನ್ಯಾಸಕ, ಚಿತ್ರದುರ್ಗ):
ಮಳಿಗೆಯಲ್ಲಿ ಕೊಂಡ ಮುಖವಾಡವನ್ನು ಬಿಟ್ಟುಬಿಡಿ. ಅಂಥವು ಬಹುಪಾಲು ಮಾರಾಟಕ್ಕೆಂದೇ ಕೆತ್ತಿದವು. ಬೆನಿನ್ ದೇಶದ ಕಲಾವಿದ ರೊಮುವಾಲ್ಡ್ ಹಜೂಮೆ ಅವರು ಪೆಟ್ರೋಲ್ ಸಾಗಿಸುವ ಹಳೆಯ ಪ್ಲಾಸ್ಟಿಕ್ ಕ್ಯಾನುಗಳಿಂದ ಮುಖವಾಡಗಳನ್ನು ಮಾಡಿ, ತಮ್ಮ ನಾಡಿನ ಇಂದಿನ ಬದುಕನ್ನೇ ಅವುಗಳಲ್ಲಿ ಕಾಣಿಸಿದ್ದಾರೆ. ನೀವೂ ಮಂಡಕ್ಕಿ ಭಟ್ಟಿಯ ಚೀಲ, ಬಿದಿರು, ಹಳೆಯ ಸೀರೆಗಳಿಂದ ನಿಮ್ಮದೇ ಶಿರೋಭೂಷಣವನ್ನು ಕಟ್ಟಿ, ಅದನ್ನು ನೆತ್ತಿಯ ಮೇಲಿಟ್ಟು ನಡೆಯುವುದನ್ನು ನಟರಿಗೆ ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ. ಭಾರ ಕುತ್ತಿಗೆಯ ಮೇಲೆ ಬಿದ್ದಾಗ ಹೆಜ್ಜೆ ತಾನಾಗಿ ಬದಲಾಗುತ್ತದೆ. ಅಲ್ಲಿಂದಲೇ ನಿಮ್ಮ ಕುಣಿತ ಹುಟ್ಟಲಿ. ಯೊರುಬಾ ಹಾಡುಗಳನ್ನು ಧ್ವನಿಮುದ್ರಿಕೆಯಿಂದ ಎತ್ತಿಕೊಳ್ಳುವ ಬದಲು ನಮ್ಮ ಉರುಮೆ, ತಮಟೆಯವರನ್ನು ಕರೆಸಿ, ಅವರಿಗೆ ತಕ್ಕ ಸಂಭಾವನೆ ಕೊಡಿ.

ಕರಪತ್ರದಲ್ಲಿ 'ಆಫ್ರಿಕಾದ ಆಚರಣೆ' ಎಂದು ಅಚ್ಚು ಹಾಕಿಸಬೇಡಿ. ಗೆಲೆಡೆಯಿಂದ ಪ್ರೇರಣೆ ಪಡೆದ ಪ್ರದರ್ಶನವೆಂದೂ, ಅದು ಬೆನಿನ್, ನೈಜೀರಿಯಾ ಮತ್ತು ಟೋಗೊ ದೇಶಗಳ ಯೊರುಬಾ-ನಾಗೊ ಸಮುದಾಯದ್ದೆಂದೂ, 2008ರಿಂದ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿದೆಯೆಂದೂ ಸ್ಪಷ್ಟವಾಗಿ ಬರೆಯಿರಿ. ತಾಲೀಮು ಶುರುವಾದ ಮೇಲೆ ತಿಳಿಸಿದರೆ, ಶಿರೋಭೂಷಣದ ಚೌಕಟ್ಟು ಕಟ್ಟುವುದಕ್ಕೆ ನಾನೇ ದಾವಣಗೆರೆಗೆ ಬರುತ್ತೇನೆ.